ನೆಲ್ಲಿನ ಲೆಕ್ಕ ಯಾರ್ಯಾರು ಬರೆದಿಟ್ಟಿದ್ದಾರೆ

ನಮ್ಮ ಎಂ.ಕಾಂ. ಮಕ್ಕಳ ಪ್ರಾಜೆಕ್ಟ್ ವರದಿಗಳನ್ನು ತಿದ್ದುವಾಗ ನನಗೆ ಸಂಕಟವಾಗುವುದು ಒಂದೇ ಜಾಗದಲ್ಲಿ. ಮೊದಲ ಅಧ್ಯಾಯದಲ್ಲಿ ಜಗತ್ತಿನ ಅಕ್ಕಿ: ಚೀನಾ, ಭಾರತ, ಥಾಯ್ಲೆಂಡ್, ವಿಯೆಟ್ನಾಂ. ಕೊನೆಯ ಅಧ್ಯಾಯದಲ್ಲಿ ಗಂಗಾವತಿಯದೋ ಕಾರಟಗಿಯದೋ ಒಂದು ಮಿಲ್ಲು, ಮಾಲೀಕರ ಪಕ್ಕ ನಿಂತು ತೆಗೆಸಿಕೊಂಡ ಫೋಟೊ. ಇವೆರಡರ ನಡುವೆ ನಮ್ಮ ಸೀಮೆಯ ಉದ್ಯಮ ಒಂದೂವರೆ ಪುಟದಲ್ಲಿ ಮುಗಿದುಹೋಗಿರುತ್ತದೆ. ‘ಗಂಗಾವತಿಯು ಭತ್ತದ ಕಣಜವೆಂದು ಪ್ರಸಿದ್ಧವಾಗಿದೆ’ ಎಂಬ ವಾಕ್ಯ ಮಾತ್ರ ವರ್ಷದಿಂದ ವರ್ಷಕ್ಕೆ, ಒಂದು ವರದಿಯಿಂದ ಇನ್ನೊಂದಕ್ಕೆ ದಾಟಿಕೊಂಡು ಬರುತ್ತಿದೆ. ಕೇಳಿದರೆ, ‘ನಮ್ಮೂರಿಂದು ನೆಟ್ಟಿನ್ಯಾಗ ಏನೂ ಸಿಗವಲ್ದರಿ ಮೇಡಂ’ ಅನ್ನುತ್ತಾರೆ.

ಸಿಗುತ್ತದೆ, ರಾಶಿ ಸಿಗುತ್ತದೆ. ಆದರೆ ‘ಗಂಗಾವತಿ ಅಕ್ಕಿ ಉದ್ಯಮ’ ಅಂತ ಮೇಲೆ ಹೆಸರು ಬರೆದ ಒಂದೇ ಕಡತದಲ್ಲಿ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯ ಉದ್ದಕ್ಕೂ ಬೆಳೆದು ನಿಂತ ಉದ್ಯಮ ಇದು. ಇದರ ಲೆಕ್ಕ ಹಲವು ಕಚೇರಿಗಳಲ್ಲಿ, ಹಲವು ಕಾರಣಗಳಿಗಾಗಿ ಹಂಚಿಹೋಗಿದೆ.

ಕಾಲೇಜಿಗೆ ಪಾಠ ಮಾಡಲು ಬರುವ ಮೊದಲು ನಾನು ಇಲ್ಲಿಯದೇ ಒಂದು ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಒಂದು ಲಾರಿ ನೆಲ್ಲು ಗೇಟಿನೊಳಗೆ ಬಂದರೆ ಅದು ಎಷ್ಟು ಪುಸ್ತಕಗಳಿಗೆ ಏರುತ್ತಿತ್ತು ಎಂಬುದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ವೇಬ್ರಿಡ್ಜ್ ಚೀಟಿ. ಎಪಿಎಂಸಿಗೆ ತೋರಿಸುವ ಖರೀದಿ ಪುಸ್ತಕ. ಪ್ರತಿ ತಿಂಗಳು ಬ್ಯಾಂಕಿಗೆ ಕೊಡುವ ದಾಸ್ತಾನಿನ ಲೆಕ್ಕ, ಅಂದರೆ ಸ್ಟಾಕ್ ಸ್ಟೇಟ್‌ಮೆಂಟ್. ಅಕ್ಕಿಯಾಗಿ ಹೊರಬಿದ್ದ ಮೇಲೆ ತೆರಿಗೆಯ ರಿಟರ್ನ್. ಬಾಯ್ಲರಿನ ಲಾಗ್, ಕಾರ್ಮಿಕರ ಹಾಜರಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದ ನವೀಕರಣ. ಯಾವ ಪುಸ್ತಕವನ್ನೂ ನಾವು ಹವ್ಯಾಸಕ್ಕೆ ಬರೆಯುತ್ತಿರಲಿಲ್ಲ. ಪ್ರತಿಯೊಂದನ್ನೂ ಹೊರಗಿನವರು ಯಾರೋ ಕೇಳುತ್ತಿದ್ದರು. ಹಾಗೆ ಕೇಳಿದವರು ಸಾವಿರಾರು ಮಿಲ್ಲುಗಳಿಂದ ಬಂದ ಲೆಕ್ಕ ಕೂಡಿಸಿ, ಅದರಲ್ಲಿ ಒಂದಷ್ಟನ್ನು ಎಲ್ಲರೂ ನೋಡುವ ಹಾಗೆ ಪ್ರಕಟಿಸುತ್ತಾರೆ.

ಆದ್ದರಿಂದ ಒಂದು ಅಂಕಿ ಬೇಕಾದಾಗ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ ಎಂದು ಮಕ್ಕಳಿಗೆ ಹೇಳುತ್ತೇನೆ: ಇದನ್ನು ಬರೆಯದಿದ್ದರೆ ಯಾರ ಕೆಲಸ ನಿಲ್ಲುತ್ತಿತ್ತು? ಉತ್ತರ ಹೊಳೆದರೆ ಯಾವ ಜಾಲತಾಣ, ಯಾವ ಕಪಾಟು ಎಂಬುದು ತಾನಾಗಿ ಗೊತ್ತಾಗುತ್ತದೆ.

ಮಾರುಕಟ್ಟೆಯಿಂದಲೇ ಶುರು ಮಾಡೋಣ. ಎಪಿಎಂಸಿ ಯಾರ್ಡಿನಲ್ಲಿ ದಿನದ ಆವಕ ಎಷ್ಟು, ದರ ಎಷ್ಟು ಎಂದು ಬರೆಯದಿದ್ದರೆ ಶುಲ್ಕ ವಸೂಲಿ ನಿಲ್ಲುತ್ತದೆ. ಅದಕ್ಕೇ ಆ ಲೆಕ್ಕ ಇದೆ. ಕೇಂದ್ರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ರಾಜ್ಯ, ಮಾರುಕಟ್ಟೆ, ಬೆಳೆ, ದಿನಾಂಕ ಆರಿಸಿದರೆ ಕನಿಷ್ಠ, ಗರಿಷ್ಠ ಮತ್ತು ಮೋಡಲ್ ದರ ಬರುತ್ತದೆ. ನಮ್ಮ ರಾಜ್ಯ ಕೃಷಿ ಮಾರಾಟ ಮಂಡಳಿಯ ಕೃಷಿ ಮಾರಾಟ ವಾಹಿನಿಯಲ್ಲಿ ಇದನ್ನೇ ಕನ್ನಡದಲ್ಲಿ ನೋಡಬಹುದು. ಮೂರು ದರಗಳಲ್ಲಿ ಬಳಸಬೇಕಾದದ್ದು ಮೋಡಲ್, ಅಂದರೆ ಆ ದಿನ ಹೆಚ್ಚು ಮಾಲು ಯಾವ ದರಕ್ಕೆ ಕೈಬದಲಾಯಿತೋ ಅದು. ಗರಿಷ್ಠ ದರ ಎಂಬುದು ಒಬ್ಬನೇ ರೈತನ ಒಳ್ಳೆಯ ಒಂದು ಲಾಟಿನದ್ದಾಗಿರಬಹುದು.

ಇಲ್ಲಿ ಅಳತೆಯ ಬಗ್ಗೆ ಎಚ್ಚರ ಬೇಕು. ಜಾಲತಾಣ ಮಾತಾಡುವುದು ಕ್ವಿಂಟಲ್ ಲೆಕ್ಕದಲ್ಲಿ. ನಮ್ಮ ಸೀಮೆಯ ರೈತರು, ಕಮಿಷನ್ ಮೇಲೆ ಮಾರಿಸಿಕೊಡುವ ಅಡತಿಯವರು ಮಾತಾಡುವುದು 75 ಕೆಜಿ ಚೀಲದ ಲೆಕ್ಕದಲ್ಲಿ. ಪತ್ರಿಕೆಯಲ್ಲಿ ಬಂದ ಚೀಲದ ದರವನ್ನೂ ತಾಣದಲ್ಲಿ ಬಂದ ಕ್ವಿಂಟಲ್ ದರವನ್ನೂ ಒಂದೇ ಕೋಷ್ಟಕದಲ್ಲಿ ಸೇರಿಸಿದರೆ ಇಡೀ ಅಧ್ಯಾಯ ಕೆಡುತ್ತದೆ. ಚೀಲದ ದರವನ್ನು ಮೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ ಕ್ವಿಂಟಲ್ ದರ. 2025–26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ನಮ್ಮ ಚೀಲಕ್ಕೆ ತಂದರೆ 1,776 ರೂಪಾಯಿ 75 ಪೈಸೆ. ಈ ಅಂಕಿಯನ್ನು ಕೈಯಲ್ಲಿ ಹಿಡಿದುಕೊಂಡು ಯಾರ್ಡಿಗೆ ಹೋದರೆ ಅಲ್ಲಿಯ ಮಾತು ಪೂರ್ತಿ ಅರ್ಥವಾಗುತ್ತದೆ. ಬೆಂಬಲ ಬೆಲೆ ಹೇಗೆ ನಿಗದಿಯಾಯಿತು, ಕರ್ನಾಟಕದಲ್ಲಿ ಬೆಳೆಯುವ ಖರ್ಚು ಎಷ್ಟೆಂದು ಹಿಡಿದರು ಎಂಬುದೆಲ್ಲ ಕೃಷಿ ವೆಚ್ಚ ಮತ್ತು ಬೆಲೆ ಆಯೋಗದ ಮುಂಗಾರು ವರದಿಗಳಲ್ಲಿ ಇರುತ್ತದೆ. ಪ್ರತಿ ವರ್ಷದ್ದೂ ಆಯೋಗದ ತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಇನ್ನೊಂದು ಮಾತು. ರಾಜ್ಯದ ಎಪಿಎಂಸಿ ಕಾಯ್ದೆಗೆ ಬಂದ 2020ರ ತಿದ್ದುಪಡಿಯ ನಂತರ ಯಾರ್ಡಿನ ಹೊರಗೂ ವ್ಯಾಪಾರಕ್ಕೆ ದಾರಿಯಾಯಿತು. ಮಿಲ್ಲಿನ ಅಂಗಳದಲ್ಲೇ, ಕಣದಲ್ಲೇ ತೂಗಿ ಒಯ್ದ ನೆಲ್ಲು ಆವಕದ ಅಂಕಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಆವಕ ಇಳಿದದ್ದನ್ನು ನೋಡಿ ಬೆಳೆಯೇ ಇಳಿದಿದೆ ಎಂದು ಬರೆಯಬೇಡಿ. ಬೆಳೆಯ ವಿಸ್ತೀರ್ಣಕ್ಕೆ ಅರ್ಥಶಾಸ್ತ್ರ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ‘ಜಿಲ್ಲಾ ಅಂಕಿಅಂಶಗಳ ನೋಟ’ವನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಈಗ ನನಗೆ ತುಂಬ ಇಷ್ಟವಾದ ಮೂಲಕ್ಕೆ ಬರುತ್ತೇನೆ. ಇದನ್ನು ತೋರಿಸಿದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಮಿಲ್ಲಿಗೆ ದೊಡ್ಡ ಸಾಲ ಕೊಡುವಾಗ ಬ್ಯಾಂಕುಗಳು ಕ್ರೆಡಿಟ್ ರೇಟಿಂಗ್, ಅಂದರೆ ಸಾಲ ತೀರಿಸುವ ಶಕ್ತಿಗೆ ಹೊರಗಿನವರು ಕೊಡುವ ದರ್ಜೆ, ಕೇಳುತ್ತವೆ. ಕ್ರಿಸಿಲ್, ಇಕ್ರಾ, ಕೇರ್, ಇಂಡಿಯಾ ರೇಟಿಂಗ್ಸ್ ಮುಂತಾದ ಸಂಸ್ಥೆಗಳು ರೇಟಿಂಗ್ ಕೊಟ್ಟಾಗಲೆಲ್ಲ ಅದಕ್ಕೆ ಕಾರಣ ವಿವರಿಸುವ ಒಂದು ಟಿಪ್ಪಣಿಯನ್ನು ತಮ್ಮ ತಾಣದಲ್ಲಿ ಹಾಕಬೇಕು. ನಾಲ್ಕೈದು ಪುಟದ ಆ ಟಿಪ್ಪಣಿಗೆ ಕಾಸು ಕೊಡಬೇಕಿಲ್ಲ, ಲಾಗಿನ್ ಆಗಬೇಕಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಎಂದು ಊರಿನ ಹೆಸರಿನ ಜೊತೆ ‘ರೈಸ್ ಇಂಡಸ್ಟ್ರೀಸ್’, ‘ಆಗ್ರೊ’, ‘ರೇಟಿಂಗ್ ರ‍್ಯಾಷನಲ್’ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಹಾಕಿ ಹುಡುಕಿದರೆ ನಮ್ಮ ಕಣ್ಣೆದುರಿನ ಮಿಲ್ಲುಗಳದೇ ಬರುತ್ತವೆ.

ಅದರಲ್ಲಿ ಏನಿರುತ್ತದೆ? ಮಿಲ್ಲು ಯಾವಾಗ ಶುರುವಾಯಿತು, ಪಾಲುದಾರಿಕೆಯೋ ಕಂಪನಿಯೋ, ಅರೆಯುವ ಸಾಮರ್ಥ್ಯ ಎಷ್ಟು, ಎರಡು ಮೂರು ವರ್ಷದ ವಹಿವಾಟು, ಲಾಭದ ಪ್ರಮಾಣ, ಸಾಲ ಎಷ್ಟು. ಅದಕ್ಕಿಂತ ಮುಖ್ಯವಾಗಿ, ಹಣಕಾಸಿನ ಕಣ್ಣಿನಿಂದ ಈ ವ್ಯವಹಾರದ ಕಷ್ಟಗಳು. ನೆಲ್ಲು ಸುಗ್ಗಿಯಲ್ಲಿ ಬರುತ್ತದೆ, ಅಕ್ಕಿ ವರ್ಷವಿಡೀ ಮಾರಾಟವಾಗಬೇಕು. ಆದ್ದರಿಂದ ದಾಸ್ತಾನಿನಲ್ಲಿ ಹಣ ಸಿಕ್ಕಿಬೀಳುತ್ತದೆ, ದಾಸ್ತಾನಿನ ಮೇಲೆ ಬ್ಯಾಂಕು ಕೊಡುವ ಸಾಲ, ಅಂದರೆ ಕ್ಯಾಶ್ ಕ್ರೆಡಿಟ್, ಮಿತಿಯ ತುದಿ ಮುಟ್ಟುತ್ತದೆ. ಪಾಲುದಾರರು ಬಂಡವಾಳ ಹಿಂದೆಗೆಯುವ ಅಪಾಯ, ಮಳೆ, ಸರ್ಕಾರದ ನೀತಿ, ಅಕ್ಕಪಕ್ಕದ ಮಿಲ್ಲುಗಳ ಪೈಪೋಟಿ. ನಾನು ಸ್ಟಾಕ್ ಸ್ಟೇಟ್‌ಮೆಂಟ್ ಬರೆಯುತ್ತಿದ್ದಾಗ ಪ್ರತಿ ತಿಂಗಳ ಕೊನೆಗೆ ಅನುಭವಿಸಿದ ಒತ್ತಡಕ್ಕೆ ಒಂದು ಹೆಸರಿದೆ, ಒಂದು ವಿವರಣೆಯಿದೆ ಎಂದು ನನಗೆ ಗೊತ್ತಾದದ್ದು ಇಂಥ ಟಿಪ್ಪಣಿ ಓದಿದಾಗಲೇ.

ಕೆಲವು ಟಿಪ್ಪಣಿಗಳ ಮೇಲೆ ‘ಇಶ್ಯೂಯರ್ ನಾಟ್ ಕೋಆಪರೇಟಿಂಗ್’ ಎಂದು ಬರೆದಿರುತ್ತದೆ. ಮಿಲ್ಲಿನವರು ಹೊಸ ಮಾಹಿತಿ ಕೊಡಲಿಲ್ಲ, ಇದ್ದದ್ದರ ಮೇಲೆಯೇ ರೇಟಿಂಗ್ ಕೊಟ್ಟಿದ್ದೇವೆ ಎಂದಷ್ಟೇ ಅದರ ಅರ್ಥ. ಮಿಲ್ಲು ಮುಳುಗಿದೆ ಎಂದು ಅದರಿಂದ ತೀರ್ಮಾನಿಸಬಾರದು. ಬೇರೆ ಬ್ಯಾಂಕಿಗೆ, ಬೇರೆ ರೇಟಿಂಗ್ ಸಂಸ್ಥೆಗೆ ಹೋದವರೂ ಆ ಪಟ್ಟಿಯಲ್ಲಿ ಇರುತ್ತಾರೆ. ಅಂಥ ಟಿಪ್ಪಣಿಯಲ್ಲಿನ ಅಂಕಿ ಯಾವ ವರ್ಷದ್ದೆಂದು ನೋಡಿಯೇ ಬಳಸಬೇಕು. ಮಿಲ್ಲು ಖಾಸಗಿ ನಿಯಮಿತ ಕಂಪನಿಯಾಗಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ 100 ರೂಪಾಯಿ ಕಟ್ಟಿ ಅದರ ಬ್ಯಾಲೆನ್ಸ್ ಶೀಟನ್ನೇ ನೋಡಬಹುದು. ಪಾಲುದಾರಿಕೆ ಸಂಸ್ಥೆಯದು ಹಾಗೆ ಸಿಗುವುದಿಲ್ಲ. ನಮ್ಮಲ್ಲಿ ಪಾಲುದಾರಿಕೆಯ ಮಿಲ್ಲುಗಳು ಸಾಕಷ್ಟಿರುವುದರಿಂದ ರೇಟಿಂಗ್ ಟಿಪ್ಪಣಿಯ ಬೆಲೆ ಇನ್ನೂ ಹೆಚ್ಚು.

ಬ್ಯಾಂಕಿನ ದಾರಿಯಲ್ಲೇ ಇನ್ನೊಂದಿದೆ. ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಪ್ರತಿ ವರ್ಷ ಪ್ರತಿ ಜಿಲ್ಲೆಗೂ ‘ಪೊಟೆನ್ಶಿಯಲ್ ಲಿಂಕ್ಡ್ ಕ್ರೆಡಿಟ್ ಪ್ಲಾನ್’ ಎಂಬ ದಪ್ಪ ವರದಿ ಮಾಡುತ್ತದೆ. ಕೊಪ್ಪಳದ್ದು, ರಾಯಚೂರಿನದು, ಬಳ್ಳಾರಿಯದು ಬೇರೆ ಬೇರೆ. ನೀರಾವರಿ, ಗೋದಾಮು, ಆಹಾರ ಸಂಸ್ಕರಣೆ, ಸಣ್ಣ ಉದ್ದಿಮೆ ಎಲ್ಲಕ್ಕೂ ಅದರಲ್ಲಿ ಜಿಲ್ಲಾಮಟ್ಟದ ಮಾತಿದೆ. ಒಂದು ಜಿಲ್ಲೆಯ ಆರ್ಥಿಕತೆಯನ್ನು ಒಂದೇ ಕಡೆ ಓದಬೇಕೆಂದರೆ ನಾನು ಮೊದಲು ಕೈಗೆ ಕೊಡುವುದು ಇದನ್ನೇ.

ದರದ ಗೆರೆ ಎಳೆದ ಮೇಲೆ ಅದು ಏಕೆ ಏರಿತು, ಏಕೆ ಇಳಿಯಿತು ಎಂದು ಬರೆಯುವ ಹೊತ್ತಿಗೆ ನಮ್ಮ ವರದಿಗಳು ‘ಬೇಡಿಕೆ ಮತ್ತು ಪೂರೈಕೆಯ ಕಾರಣದಿಂದ’ ಎಂದು ನಿಂತುಬಿಡುತ್ತವೆ. ಇಲ್ಲಿ ಬೇಕಾದದ್ದು ಸರ್ಕಾರದ ಅಧಿಸೂಚನೆಗಳು. ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು 2023ರ ಜುಲೈ 20ರಂದು ನಿಷೇಧಿಸಿದರು. 2024ರ ಸೆಪ್ಟೆಂಬರ್ ಕೊನೆಗೆ ತೆಗೆದರು. ನುಚ್ಚಿನ ರಫ್ತು ಅದಕ್ಕೂ ಮೊದಲೇ, 2022ರ ಸೆಪ್ಟೆಂಬರಿನಲ್ಲಿ ನಿಂತಿತ್ತು. ಎಣ್ಣೆ ತೆಗೆದ ತೌಡಿನ ರಫ್ತಿಗೆ 2023ರ ಜುಲೈ ಕೊನೆಯಲ್ಲಿ ತಡೆ ಬಿತ್ತು. ಮಿಲ್ಲಿನ ಲಾಭ ಅಕ್ಕಿಯಲ್ಲಿ ಎಷ್ಟಿದೆಯೋ ತೌಡು, ನುಚ್ಚು, ಹೊಟ್ಟಿನಲ್ಲೂ ಅಷ್ಟೇ ಮಹತ್ವದ್ದಿದೆ ಎಂದು ಲೆಕ್ಕ ಬರೆದ ನನಗೆ ಗೊತ್ತು. ತೌಡಿನ ದರ ಬಿದ್ದ ತಿಂಗಳು ಮಾಲೀಕರ ಮುಖ ಬೇರೆಯೇ ಇರುತ್ತಿತ್ತು. ಈ ಅಧಿಸೂಚನೆಗಳೆಲ್ಲ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ತಾಣದಲ್ಲಿ ದಿನಾಂಕ ಸಮೇತ ಇವೆ. ಎಷ್ಟು ಅಕ್ಕಿ ಯಾವ ದೇಶಕ್ಕೆ ಹೋಯಿತು ಎಂಬುದು ವಾಣಿಜ್ಯ ಸಚಿವಾಲಯದ ತಾಣದಲ್ಲೂ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಅಪೆಡಾದ ತಾಣದಲ್ಲೂ ಸಿಗುತ್ತದೆ. ಅಲ್ಲಿ ಅಕ್ಕಿಯ ಸಂಕೇತ 1006. ಅದರ ಒಳಗೇ ನೆಲ್ಲು, ಕಂದು ಅಕ್ಕಿ, ಪಾಲಿಶ್ ಮಾಡಿದ್ದು, ನುಚ್ಚು ಎಂದು ನಾಲ್ಕು ಕವಲು.

ಅಂಗಡಿಯಲ್ಲಿ 26 ಕೆಜಿ ಅಕ್ಕಿ ಚೀಲ ಕಂಡಾಗ ಏಕೆ 25 ಅಲ್ಲ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಆ ಪ್ರಶ್ನೆ ನನಗೆ ಬಹಳ ಹಿಡಿಸಿತು. ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿಗೆ 2022ರ ಜುಲೈ 18ರಿಂದ ಶೇ 5ರಷ್ಟು ಜಿಎಸ್‌ಟಿ ಬಂತು. ಚೀಲ ಒಂದು ಕೆಜಿ ದೊಡ್ಡದಾಯಿತು. ಒಂದು ಇಡೀ ಉದ್ಯಮದ ಪ್ಯಾಕಿಂಗ್ ಯಂತ್ರಗಳ ಅಳತೆಯನ್ನು ಒಂದು ಅಧಿಸೂಚನೆ ಬದಲಿಸಿದ್ದನ್ನು ಅವಳು ತನ್ನ ವರದಿಯಲ್ಲಿ ದಿನಾಂಕದೊಂದಿಗೆ ಬರೆದಳು. ಆ ಒಂದು ಪ್ಯಾರಾ ಮೊದಲ ಅಧ್ಯಾಯದ ಚೀನಾ, ಥಾಯ್ಲೆಂಡಿಗಿಂತ ನನಗೆ ದೊಡ್ಡದು.

ಹಾಗೆಯೇ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ನೆಲ್ಲಿನ ಮೇಲೆ ವರದಿ ಬರೆಯುವವರ ಕಾಲಪಟ್ಟಿಯಲ್ಲಿ ಈ ದಿನ ಇರಲೇಬೇಕು. ಜಲಾಶಯದ ದಿನನಿತ್ಯದ ಮಟ್ಟ, ಒಳಹರಿವು, ಹೊರಹರಿವು ತುಂಗಭದ್ರಾ ಮಂಡಳಿಯ ತಾಣದಲ್ಲಿ ಸಿಗುತ್ತದೆ. ನಮ್ಮ ಮಿಲ್ಲುಗಳ ಮುಂದಿನ ವರ್ಷದ ಕೆಲಸ ಎಷ್ಟೆಂಬುದು ಮೊದಲು ಗೊತ್ತಾಗುವುದು ಅಲ್ಲೇ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬ ಒಂದು ತೀರ್ಮಾನದ ಮೇಲೆ ಬೇಸಿಗೆಯಲ್ಲಿ ಮಿಲ್ಲು ಎಷ್ಟು ಪಾಳಿ ಓಡಬೇಕೆಂಬುದು ನಿಂತಿದೆ.

ಕೈಗಾರಿಕೆಗಳನ್ನು ಎಣಿಸುವವರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸರ್ಕಾರ ಉದ್ಯಮಗಳನ್ನು ಗುರುತಿಸುವುದು ಸಂಕೇತಗಳಿಂದ. 2008ರ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ ಅಕ್ಕಿ ಗಿರಣಿಗೆ 10612. ಆ ಐದು ಅಂಕಿ ಗೊತ್ತಿದ್ದರೆ ಎಷ್ಟೋ ಕೋಷ್ಟಕಗಳ ಬಾಗಿಲು ತೆರೆಯುತ್ತದೆ. ‘ವಾರ್ಷಿಕ ಕೈಗಾರಿಕಾ ಸಮೀಕ್ಷೆ’ ಈವರೆಗೆ ಎಣಿಸಿದ್ದು ಮುಖ್ಯವಾಗಿ ಹಳೆಯ ಕಾರ್ಖಾನೆ ಕಾಯ್ದೆಯಡಿ ನೋಂದಣಿಯಾದವನ್ನು, ಅಂದರೆ 1948ರ ಕಾಯ್ದೆಯ ಲೆಕ್ಕದಲ್ಲಿ ವಿದ್ಯುತ್ ಬಳಸಿ 10 ಅಥವಾ ಹೆಚ್ಚು, ವಿದ್ಯುತ್ ಇಲ್ಲದೆ 20 ಅಥವಾ ಹೆಚ್ಚು ಕೆಲಸಗಾರರಿದ್ದ ಕಡೆಗಳನ್ನು. ಅದಕ್ಕಿಂತ ಸಣ್ಣ ಹಿಟ್ಟಿನ ಗಿರಣಿ, ಭತ್ತದ ಹೊಟ್ಟು ಬಿಡಿಸುವ ಹಲ್ಲರುಗಳ ಚಿತ್ರ ಬೇಕಿದ್ದರೆ ಅಸಂಘಟಿತ ವಲಯದ ಉದ್ಯಮಗಳ ವಾರ್ಷಿಕ ಸಮೀಕ್ಷೆ ನೋಡಬೇಕು. ಎರಡೂ ಕೇಂದ್ರದ ಸಾಂಖ್ಯಿಕ ಸಚಿವಾಲಯದವು. ಪ್ರಕಟಿತ ಕೋಷ್ಟಕಗಳು ಹೆಚ್ಚಾಗಿ ರಾಜ್ಯಮಟ್ಟದವು. ಕರ್ನಾಟಕದ ಸರಾಸರಿಯನ್ನು ಗಂಗಾವತಿಯ ಸರಾಸರಿ ಎಂದು ಬರೆಯುವ ಆಸೆಯನ್ನು ತಡೆಯಬೇಕು. ಸಣ್ಣ ಉದ್ದಿಮೆಗಳು ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿಯ ಅಂಕಿಗಳಲ್ಲೂ ಹುಷಾರು. 2025ರ ಏಪ್ರಿಲ್ 1ರಿಂದ ‘ಸೂಕ್ಷ್ಮ’, ‘ಸಣ್ಣ’, ‘ಮಧ್ಯಮ’ ಎಂಬುದರ ಮಿತಿಗಳೇ ಬದಲಾಗಿವೆ. ಮೊದಲು ವಹಿವಾಟು 5 ಕೋಟಿವರೆಗಿದ್ದದ್ದು ಸೂಕ್ಷ್ಮ, ಈಗ 10 ಕೋಟಿವರೆಗೆ. ಹಿಂದಿನ, ಇಂದಿನ ಸಂಖ್ಯೆಗಳನ್ನು ಹೋಲಿಸುವ ಮೊದಲು ಇದನ್ನು ಹೇಳಿಬಿಡಬೇಕು.

ಅಕ್ಕಿ ಬಿಟ್ಟು ಉಕ್ಕು, ಸಿಮೆಂಟ್, ಗಣಿ ಆರಿಸಿಕೊಂಡವರಿಗೆ ಪರಿಸರ ಸಚಿವಾಲಯದ ಪರಿವೇಶ್ ತಾಣ ದೊಡ್ಡ ನಿಧಿ. ಗಿಣಿಗೇರಿ ಕಡೆಯ, ತೋರಣಗಲ್ಲು ಕಡೆಯ ದೊಡ್ಡ ಕಾರ್ಖಾನೆಗಳು ಸಾಮರ್ಥ್ಯ ಹೆಚ್ಚಿಸಬೇಕೆಂದರೆ ಪರಿಸರ ಅನುಮತಿ ಬೇಕು. 2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಮೊದಲು ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಅಂದರೆ ನೀರು ಎಷ್ಟು, ಕಲ್ಲಿದ್ದಲು ಎಷ್ಟು, ಎಷ್ಟು ಜನಕ್ಕೆ ಕೆಲಸ ಎಂಬ ವಿವರ ಕನ್ನಡದಲ್ಲೇ ಓದಲು ಸಿಗುತ್ತದೆ. ಅಹವಾಲು ಸಭೆಯಲ್ಲಿ ನಮ್ಮ ಹಳ್ಳಿಯವರು ಎದ್ದು ನಿಂತು ಆಡಿದ ಮಾತುಗಳೂ ನಡಾವಳಿಯಲ್ಲಿ ದಾಖಲಾಗಿರುತ್ತವೆ. ಅವನ್ನು ಓದದೆ ಆ ಕಾರ್ಖಾನೆಗಳ ಬಗ್ಗೆ ಬರೆಯುವುದು ಸರಿಯಲ್ಲ ಎಂಬುದು ನನ್ನ ದೃಢ ನಂಬಿಕೆ. ಗಣಿಗಾರಿಕೆಯವರಿಗೆ ನಾಗಪುರದ ಭಾರತೀಯ ಗಣಿ ಬ್ಯೂರೊದ ವಾರ್ಷಿಕ ಪುಸ್ತಕ ಇದ್ದೇ ಇದೆ.

ಇಷ್ಟೆಲ್ಲ ಫೋನಿನಲ್ಲೇ ಸಿಗುವಾಗ ಗ್ರಂಥಾಲಯಕ್ಕೆ ಏಕೆ ಹೋಗಬೇಕು ಎಂದು ಮಕ್ಕಳು ಕೇಳುತ್ತಾರೆ. ಜಾಲತಾಣಗಳ ನೆನಪು ಹೆಚ್ಚು ಹಿಂದಕ್ಕೆ ಹೋಗುವುದಿಲ್ಲ, ಅದಕ್ಕೆ. ನಮ್ಮ ಭಾಗದ ಚರಿತ್ರೆಗೆ ಇನ್ನೊಂದು ತೊಡಕೂ ಇದೆ. ಕೊಪ್ಪಳ ಎಂಬ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಗಂಗಾವತಿಯ ಪ್ರತಿ ಕ್ವಿಂಟಲ್ ನೆಲ್ಲೂ ರಾಯಚೂರು ಜಿಲ್ಲೆಯ ಲೆಕ್ಕಕ್ಕೆ ಸೇರುತ್ತಿತ್ತು. ‘ಕೊಪ್ಪಳ ಜಿಲ್ಲೆಯ 1980ರ ಅಂಕಿಅಂಶ’ ಎಂದು ಹುಡುಕಿದರೆ ಏನೂ ಬರದಿರುವುದು ಸಹಜ. 1956ರ ನವೆಂಬರ್ 1ಕ್ಕೂ ಹಿಂದೆ ಹೋದರೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ 1951ರ ಜನಗಣತಿಯ ನಮ್ಮ ಪುಟಗಳು ಹೈದರಾಬಾದ್ ಸಂಪುಟಗಳಲ್ಲಿವೆ. ಬಳ್ಳಾರಿಯವರು 1953ರವರೆಗಿನದನ್ನು ಮದ್ರಾಸಿನ ಹೆಸರಿನಲ್ಲಿ ಹುಡುಕಬೇಕು. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಬಳ್ಳಾರಿ ಗೆಜೆಟಿಯರ್ ಮದ್ರಾಸ್ ಜಿಲ್ಲಾ ಗೆಜೆಟಿಯರ್ ಸರಣಿಯದು. ಇಂಟರ್ನೆಟ್ ಆರ್ಕೈವಿನಲ್ಲಿ ಪೂರ್ತಿ ಸ್ಕ್ಯಾನ್ ಇದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿಯ ಅಂಕಿಗಳು ತಟ್ಟನೆ ಕುಸಿದಂತೆ ಕಾಣುವುದಕ್ಕೂ ಗಡಿಯೇ ಕಾರಣ.

ಗ್ರಂಥಾಲಯದ ಕ್ಯಾಟಲಾಗಿನಲ್ಲಿ ರಾಯಚೂರು ಜಿಲ್ಲೆಯ ಹಳೆಯ ಗೆಜೆಟಿಯರ್ ‘ಕರ್ನಾಟಕ’ ಎಂಬ ಹೆಸರಿನಡಿ ಸಿಗದಿದ್ದರೆ ‘ಮೈಸೂರು’ ಎಂದು ನೋಡಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ಆ ಸಂಪುಟ ಬಂದದ್ದು ಅದಕ್ಕೂ ಮೊದಲು. ಅದರ ಕೈಗಾರಿಕೆ, ನೀರಾವರಿಯ ಅಧ್ಯಾಯಗಳು ಆಣೆಕಟ್ಟು ಬಂದ ಹೊಸತರ ನಮ್ಮ ಸೀಮೆಯ ಚಿತ್ರ. ಜನಗಣತಿಯ ಜಿಲ್ಲಾ ಕೈಪಿಡಿಗಳನ್ನೂ ತೆಗೆಸಿ. ಅವುಗಳ ಪಟ್ಟಣ ಕೋಷ್ಟಕದಲ್ಲಿ ಪ್ರತಿ ಊರಿನ ಮೂರು ಮುಖ್ಯ ತಯಾರಿಕೆಗಳ ಹೆಸರು ಇರುತ್ತದೆ. ಒಂದು ದಶಕದ ಕೈಪಿಡಿಯಿಂದ ಇನ್ನೊಂದಕ್ಕೆ ಆ ಮೂರು ಹೆಸರು ಹೇಗೆ ಬದಲಾದವು ಎಂದು ನೋಡಿದರೆ ಒಂದು ಊರು ಏನಾಗುತ್ತಿತ್ತು ಎಂಬುದು ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಹಳೆಯ ಕೈಪಿಡಿಗಳ ಸ್ಕ್ಯಾನ್ ಜನಗಣತಿ ಇಲಾಖೆಯ ತಾಣದಲ್ಲೂ ಇದೆ. ಕಾಗದದ ಪ್ರತಿಯಲ್ಲಿ ಪುಟ ತಿರುವುತ್ತ ಹೋದಾಗ ಪಕ್ಕದ ತಾಲ್ಲೂಕುಗಳೂ ಕಣ್ಣಿಗೆ ಬೀಳುತ್ತವೆ, ಅದರಿಂದ ಹೊಸ ಪ್ರಶ್ನೆಗಳು ಹುಟ್ಟುತ್ತವೆ.

ಕೃಷಿಗೆ ಸಂಬಂಧಿಸಿದ ಪ್ರಬಂಧಗಳಿಗೂ ಇದೇ ಕಥೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2009ರಲ್ಲಿ. ಅದಕ್ಕೂ ಹಿಂದೆ ನಮ್ಮ ಭಾಗದ ಭತ್ತ, ಅಕ್ಕಿ ಗಿರಣಿಗಳ ಮೇಲಿನ ಕೆಲಸವನ್ನು ಧಾರವಾಡದ ಹೆಸರಿನಲ್ಲಿ, 1986ಕ್ಕೂ ಹಿಂದಿನದನ್ನು ಬೆಂಗಳೂರಿನ ಹೆಸರಿನಲ್ಲಿ ಹುಡುಕಬೇಕು. ಕೃಷಿಕೋಶ ತಾಣದಲ್ಲಿ ಈ ಪ್ರಬಂಧಗಳು ಪೂರ್ತಿ ಓದಲು ಸಿಗುತ್ತವೆ. ಉಳಿದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ. ಒಂದು ಒಳ್ಳೆಯ ಪ್ರಬಂಧ ಸಿಕ್ಕರೆ ಅದರ ಕೊನೆಯ ಗ್ರಂಥಋಣವನ್ನು ಮೊದಲು ಓದಿ. ನಿಮ್ಮ ತಿಂಗಳುಗಳ ಹುಡುಕಾಟವನ್ನು ಇನ್ನೊಬ್ಬರು ಆಗಲೇ ಮಾಡಿಟ್ಟಿರುತ್ತಾರೆ. ದುಬಾರಿ ಅಂತರರಾಷ್ಟ್ರೀಯ ಪತ್ರಿಕೆಗಳ ಬಗ್ಗೆಯೂ ಈಗ ಕೈಚೆಲ್ಲಬೇಕಿಲ್ಲ. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ಶುರುವಾಗಿದೆ. ಸುಮಾರು 6,300 ಸರ್ಕಾರಿ ಸಂಸ್ಥೆಗಳು ಅದರಲ್ಲಿವೆ. ನಿಮ್ಮ ಕಾಲೇಜಿನ ಗ್ರಂಥಪಾಲಕರನ್ನು ಕೇಳಿ ಲಾಗಿನ್ ಪಡೆಯಿರಿ.

ಹುಡುಕುವಾಗ ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಬದಲಿಸಿ ನೋಡುತ್ತಿರಿ. ಗಂಗಾವತಿಯನ್ನು ‘ಟಿ’ ನಂತರ ‘ಎಚ್’ ಇಟ್ಟೂ ಇಡದೆಯೂ, ‘ವಿ’ ಬದಲು ‘ಡಬ್ಲ್ಯು’ ಹಾಕಿಯೂ ಬರೆದಿದ್ದಾರೆ. ಬಳ್ಳಾರಿಯ ಕಾಗುಣಿತ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ಹೈದರಾಬಾದ್ ಪುಸ್ತಕಗಳಲ್ಲಿ ಕೊಪ್ಪಳ ‘ಕೊಪ್‌ಬಾಲ್’ ಆಗಿದೆ. ಸಿಕ್ಕಿದ್ದನ್ನು ಸಿಕ್ಕ ದಿನವೇ ಇಳಿಸಿಟ್ಟುಕೊಂಡು ದಿನಾಂಕ ಬರೆದಿಡಿ. ಸರ್ಕಾರಿ ತಾಣಗಳ ಕೊಂಡಿಗಳು ಬದಲಾಗುತ್ತಲೇ ಇರುತ್ತವೆ.

ಎಲ್ಲೂ ಸಿಗದ ಒಂದು ಅಂಕಿ ನಿರ್ದಿಷ್ಟ ಕಚೇರಿಯ ಪುಸ್ತಕದಲ್ಲಿದೆ ಎಂದು ಖಚಿತವಾದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಗಡುವಿದೆ. ‘ಅಕ್ಕಿ ಉದ್ಯಮದ ಎಲ್ಲ ಮಾಹಿತಿ ಕೊಡಿ’ ಎಂದು ಬರೆಯಬೇಡಿ. ಯಾವ ವರ್ಷ, ಯಾವ ತಾಲ್ಲೂಕು, ಯಾವ ರಿಜಿಸ್ಟರ್ ಎಂದು ಕೇಳಿದವರಿಗೆ ಉತ್ತರ ಬೇಗ ಸಿಗುತ್ತದೆ.

ಇದನ್ನೆಲ್ಲ ಓದಿ ಮುಗಿಸಿ ಮಿಲ್ಲಿಗೆ ಹೋಗಿ. ಆಗ ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ. ಸರ್ಕಾರಕ್ಕೆ ನೆಲ್ಲು ಅರೆದುಕೊಡುವಾಗ ಹಸಿ ಅಕ್ಕಿಗೆ ಶೇ 67, ಕುಸುಬಲಕ್ಕಿಗೆ ಶೇ 68 ಇಳುವರಿ ಎಂದು ಲೆಕ್ಕ ಹಿಡಿದಿದ್ದಾರೆ. ಅಂದರೆ ನಮ್ಮ 75 ಕೆಜಿ ಚೀಲಕ್ಕೆ ಐವತ್ತು ಕೆಜಿಯ ಆಸುಪಾಸು ಅಕ್ಕಿ. ‘ನಿಮ್ಮ ವಹಿವಾಟು ಎಷ್ಟು?’ ಎಂದು ಕೇಳಿದರೆ ಯಾವ ಮಾಲೀಕರೂ ಮುಖ ಕೊಟ್ಟು ಮಾತಾಡುವುದಿಲ್ಲ. ‘ಈ ಸಲದ ಸೋನಾ ಮಸೂರಿಯಲ್ಲಿ ಇಳುವರಿ ಅರವತ್ತೇಳು ಮುಟ್ಟುತ್ತದಾ, ನುಚ್ಚು ಎಷ್ಟು ಬೀಳುತ್ತಿದೆ?’ ಎಂದು ಕೇಳಿ ನೋಡಿ. ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿ, ತೇವಾಂಶದಿಂದ ಹಿಡಿದು ಕೊಯ್ಲು ಯಂತ್ರದವರೆಗೆ ಹೇಳುತ್ತಾರೆ.

ಮಾಲೀಕರ ಕೋಣೆಯಿಂದ ಹೊರಗೆ ಬಂದ ಮೇಲೆ ಅಂಗಳದಲ್ಲೂ ನಿಲ್ಲಬೇಕು. ಇಷ್ಟು ಮೂಲಗಳನ್ನು ಹೇಳಿದೆನಲ್ಲ, ಇವುಗಳಲ್ಲಿ ಯಾವುದೂ ಬರೆಯದ ಒಂದು ಭಾಗ ಇದೆ. ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲರು ನಾನು ಕಂಡ ಹಾಜರಿ ಪುಸ್ತಕಗಳಲ್ಲಿ ಇರುತ್ತಿರಲಿಲ್ಲ. ಚೆಲ್ಲಿದ ಕಾಳು ಗುಡಿಸುವ, ನುಚ್ಚು ಕೇರುವ ಹೆಂಗಸರೂ ಇರುತ್ತಿರಲಿಲ್ಲ. ಅವರನ್ನು ಬರೆಯದಿದ್ದರೆ ಯಾವ ಕಚೇರಿಯ ಕೆಲಸವೂ ನಿಲ್ಲುತ್ತಿರಲಿಲ್ಲ. ಒಂದು ದಿನಕ್ಕೆ ಎಷ್ಟು ಚೀಲ ಹೊರುತ್ತಾರೆ, ಚೀಲಕ್ಕೆ ಎಷ್ಟು, ಎರಡನೇ ಬೆಳೆ ಇಲ್ಲದ ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತಾರೆ, ಧೂಳಿನಿಂದ ಉಸಿರಿಗೆ ಏನಾಗಿದೆ ಎಂಬುದನ್ನು ಎದುರು ಕೂತು ಕೇಳಿಯೇ ಬರೆದುಕೊಳ್ಳಬೇಕು. ಸಂದರ್ಶನಕ್ಕೆಂದು ಇರುವ ಸಮಯದ ದೊಡ್ಡ ಪಾಲನ್ನು ಇವರಿಗೆ ಕೊಡಿ ಎಂದು ಈಗ ನಾನು ನಿಯಮವನ್ನೇ ಮಾಡಿದ್ದೇನೆ. ನಮ್ಮ ತರಗತಿಯಲ್ಲಿ ಹಮಾಲರ ಮನೆಯಿಂದ ಬಂದ ಮಕ್ಕಳಿದ್ದಾರೆ. ಅಪ್ಪ ಹೊತ್ತ ಚೀಲದ ಲೆಕ್ಕ ಅವರ ವರದಿಯಲ್ಲಿ ಒಂದು ಕೋಷ್ಟಕವಾಗಿ ಬಂದಾಗ ಆ ಅಂಕಿಗಳನ್ನು ನಾನು ಬೇರೆ ಯಾವ ಮೂಲದ ಅಂಕಿಗಿಂತಲೂ ಕಡಿಮೆ ಎಂದು ನೋಡುವುದಿಲ್ಲ.

ವರದಿಗಳ ಜೊತೆಗೆ ಮಕ್ಕಳು ಕೂಡಿಸಿದ ಕೋಷ್ಟಕಗಳು, ಇಳಿಸಿಕೊಂಡ ಕಡತಗಳು, ಸಂದರ್ಶನದ ಟಿಪ್ಪಣಿಗಳನ್ನು ಈ ವರ್ಷದಿಂದ ನಮ್ಮ ಕಾಲೇಜು ಗ್ರಂಥಾಲಯದ ಒಂದು ಕಪಾಟಿನಲ್ಲಿ ಇಡುತ್ತಿದ್ದೇವೆ. ಮುಂದಿನ ತಂಡ ಮೊದಲ ಪುಟದಿಂದ ಶುರು ಮಾಡಬೇಕಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರು ಯಾರಾದರೂ ಓದುತ್ತಿದ್ದರೆ ಒಂದು ಬೇಡಿಕೆ. ಅಟ್ಟದ ಮೇಲೆ ಹಳೆಯ ಅಡತಿ ಪಟ್ಟಿಗಳು, ಮಿಲ್ಲಿನ ದಿನವಹಿಗಳು, ಎಪಿಎಂಸಿ ದರಪಟ್ಟಿಗಳು, ಕಾಲುವೆ ನೀರಿನ ಪಾಳಿ ಚೀಟಿಗಳು ಇದ್ದರೆ ರದ್ದಿಗೆ ಹಾಕುವ ಮೊದಲು ನಮಗೆ ತಿಳಿಸಿ. ನಾವೇ ಬಂದು ಒಯ್ದು, ಸ್ಕ್ಯಾನ್ ಮಾಡಿ, ವಾಪಸ್ ತಂದುಕೊಡುತ್ತೇವೆ. 1997ಕ್ಕೂ ಹಿಂದಿನವು ಇದ್ದರೆ ಇನ್ನೂ ಬೇಗ ತಿಳಿಸಿ.